ಸವಣೂರಿನ ಓಣಿಯೊಳಗೆ ಗುಟ್ಟು ಉಳಿಯಲಿಲ್ಲ

ಸವಣೂರಿನ ನಮ್ಮ ಓಣಿಯಲ್ಲಿ ಬೆಳಗಾದರೆ ಏನಾದರೊಂದು ನಡೆಯದೆ ಇರುತ್ತಿರಲಿಲ್ಲ. ಐವತ್ತರ ದಶಕದ ಕೊನೆಯ ಮಾತು. ನಾನಾಗ ಹತ್ತು-ಹನ್ನೊಂದು ವರ್ಷದ ಹುಡುಗಿ. ಓಣಿಗೆಲ್ಲ ಒಂದೇ ಕಿರಾಣಿ ಅಂಗಡಿ, ಒಂದೇ ಬಟ್ಟೆ ಅಂಗಡಿ, ಒಂದೇ ಹಿಟ್ಟಿನ ಗಿರಣಿ. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಎಲ್ಲವೂ ಎಲ್ಲರಿಗೂ ಗೊತ್ತು. ಆಗ ಅದೊಂದು ಕಾಟ ಅನಿಸುತ್ತಿತ್ತು.

ಒಂದೇ ತಾನು

ಒಂದು ದೀಪಾವಳಿಗೆ ಬಟ್ಟೆ ಅಂಗಡಿಯವರು ಹುಬ್ಬಳ್ಳಿಯಿಂದ ಹಸಿರು ಹೂವಿನ ಬಟ್ಟೆಯ ಒಂದೇ ತಾನು, ಅಂದರೆ ಇಡೀ ಸುರುಳಿ, ತಂದರು. ಓಣಿಯ ಅಷ್ಟೂ ಹುಡುಗಿಯರಿಗೆ ಅದರದೇ ಪರಕಾರ, ಅಂದರೆ ಲಂಗ. ಹಬ್ಬದ ಮರುದಿನ ನಾನು ಊಟದ ಹೊತ್ತಿಗೆ ಬರಲಿಲ್ಲವೆಂದು ಅವ್ವ ಸಿಟ್ಟಿನಿಂದ ಹುಡುಕಲು ಹೊರಟಳು. ಖಾರ-ಚುರುಮುರಿ ಮಾರುವ ಅಂಗಡಿಯ ಮುಂದೆ ಹಸಿರು ಪರಕಾರ, ಎರಡು ಜಡೆ ಕಂಡವು. ಹಿಂದಿನಿಂದ ಹೋಗಿ ಬೆನ್ನಿಗೊಂದು ಗುದ್ದಿದಳು. ತಿರುಗಿದ್ದು ಪಕ್ಕದ ಮನೆಯ ಹುಡುಗಿ.

ಅವ್ವ ತಕ್ಷಣ ಅವಳನ್ನು ತಬ್ಬಿಕೊಂಡಳು. ಮನೆಗೆ ಕರೆತಂದು, ಬೆನ್ನು ಸವರಿ, ನನಗೆಂದು ಎತ್ತಿಟ್ಟಿದ್ದ ಹೋಳಿಗೆಗೆ ತುಪ್ಪ ಹಾಕಿ ತಿನ್ನಿಸಿದಳು. ಸಂಜೆ ತಾನೇ ಹೋಗಿ ಹುಡುಗಿಯ ತಾಯಿಗೆ, "ತಪ್ಪಾತ್ರಿ ಅಕ್ಕಾರ, ನಮ್ಮಕಿ ಅಂತ ತಿಳದು ಹೊಡದೆ" ಅಂದಳು.

"ಹೊಡದದ್ದು ಇರಲಿ ಬಿಡ್ರಿ. ಆ ಪರಕಾರ ಬಿಚ್ಚಾಕ ಒಲ್ಲೆ ಅಂತಾಳ. ನಾಳೆನೂ ಅದನ್ನ ಉಟಗೊಂಡು ಅಲ್ಲೇ ಹೋಗಿ ನಿಂದರತಾಳಂತ!"

ಗಿರಣಿ ಕಾಕಾನ ಪಿಸುಮಾತು

ಇಡೀ ದಿನ ಗಿರಣಿಯ ಸಪ್ಪಳದೊಳಗೆ ಕೂಗಿ ಕೂಗಿ ಗಿರಣಿ ಕಾಕಾನಿಗೆ ಸಣ್ಣ ದನಿಯೇ ಹೊರಡುತ್ತಿರಲಿಲ್ಲ. ಮಗಳಿಗೆ ಎರಡು ಸಂಬಂಧ ತಪ್ಪಿಹೋಗಿದ್ದವು. ಯಾರೋ ಚಾಡಿ ಹೇಳಿದ್ದರಿಂದಲೇ ತಪ್ಪಿದವು ಎಂದು ಅವನಿಗೆ ಅಂಜಿಕೆ. ಒಂದು ಮುಂಜಾನೆ ಬಂದು ನಮ್ಮಪ್ಪನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ.

"ನಾಳೆ ತಡಸದಿಂದ ಕನ್ಯಾ ನೋಡಾಕ ಬರ್ತಾರ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ!"

ಅವನು ನಮ್ಮ ಕಟ್ಟೆ ಇಳಿಯುವುದರೊಳಗೆ ಎದುರು ಮನೆಯ ಅಜ್ಜಿ ಜಮಖಾನೆ ಝಾಡಿಸಲು ಶುರು ಮಾಡಿದ್ದಳು. ಯಾರೂ ಅವನನ್ನು ಏನೂ ಕೇಳಲಿಲ್ಲ. ಅಜ್ಜಿಯ ಜಮಖಾನೆ, ನಮ್ಮ ಮನೆಯ ಚಹಾದ ಕಪ್ಪು-ಬಸಿ ಹಿತ್ತಲ ಬಾಗಿಲಿನಿಂದ ಅವನ ಹೆಂಡತಿಯ ಕೈ ಸೇರಿದವು. ಬಂದವರು ಹೋಗುವ ತನಕ ಓಣಿಯ ಮಕ್ಕಳು ಕೂಡ ಗದ್ದಲ ಮಾಡಲಿಲ್ಲ. ಸಂಬಂಧ ಕೂಡಿತು. ಕಾಕಾ ಕಣ್ಣೊರೆಸಿಕೊಳ್ಳುತ್ತ ಬಂದು ಮತ್ತೆ ಅಪ್ಪನ ಕಿವಿಗೆ ಬಾಯಿಟ್ಟ.

"ನೋಡ್ರಿ, ಒಬ್ಬರಿಗೂ ಗೊತ್ತಾಗಲಿಲ್ಲ!"

ಎದುರು ಮನೆಯ ಒಳಗಿನಿಂದ ಅಜ್ಜಿಯ ದನಿ ಬಂತು: "ಇಲ್ಲಪಾ, ಯಾರಿಗೂ ಗೊತ್ತಿಲ್ಲ!"

ಕೆಂಪು ಶಾಯಿ

ಲೆಕ್ಕದಲ್ಲಿ ನಪಾಸಾದರೆ ಶಾಲೆ ಬಿಡಿಸುತ್ತೇನೆ ಎಂದು ಅಪ್ಪ ಹೇಳಿದ್ದ. ಆರು ತಿಂಗಳ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ಒಂಬತ್ತು ಬಂತು. ಮನೆಯಲ್ಲಿ ನಲವತ್ತೊಂಬತ್ತು ಎಂದು ಹೇಳಿದೆ. ಮಾಸ್ತರು ಪೇಪರು ತೋರಿಸಿ ಮರಳಿ ತೆಗೆದುಕೊಂಡಿದ್ದರು, ಬದುಕಿದೆ ಅಂದುಕೊಂಡೆ.

ಕೆಲವು ತಿಂಗಳಾದ ಮೇಲೆ ಹಳೆಯ ಪೇಪರೆಲ್ಲ ರದ್ದಿಗೆ ಹೋಗಿ ಕಿರಾಣಿ ಅಂಗಡಿ ಸೇರಿದವು. ಗೆಳತಿಯ ಭೂಗೋಳದ ಪೇಪರು ಸಾಸಿವೆಯ ಪೊಟ್ಟಣವಾಗಿ ನಮ್ಮ ಮನೆಗೇ ಬಂತು. ನನ್ನದೂ ಹೀಗೇ ಬಂದರೆ? ಅಂಗಡಿಗೆ ಓಡಿದೆ.

"ಅಜ್ಜಾರ, ನನ್ನ ಲೆಕ್ಕದ ಪೇಪರ ನಮ್ಮ ಮನಿಗೆ ಕೊಡಬ್ಯಾಡ್ರಿ."

ಅಂಗಡಿಯ ಅಜ್ಜ ಕನ್ನಡಕದ ಮೇಲಿನಿಂದ ನೋಡಿದರು. "ಅಳಬ್ಯಾಡವ್ವ. ಅದನ್ನ ನಾ ನೋಡೇನಿ. ಓಣ್ಯಾಗ ಯಾರಿಗೂ ಸಿಗಬಾರದಂತ ಮೊನ್ನೆ ಹತ್ತಿಮತ್ತೂರಿನಾಕಿಗೆ ಅದರಾಗ ಬೆಲ್ಲ ಕಟ್ಟಿ ಕಳಿಸೇನಿ."

"ಹತ್ತಿಮತ್ತೂರಿನಾಕಿ ಅಂದ್ರ ಯಾರ್ರಿ?"

"ನಿಮ್ಮ ಅತ್ತಿ. ನಿನ್ನ ಅಕ್ಷರ ಅಂತ ಹೇಳಿದೆ, ಭಾಳ ಖುಷಿ ಆತು ಆಕಿಗೆ. ಓದಾಕಂತೂ ಬರೂದಿಲ್ಲ, ಚಿಂತಿ ಮಾಡಬ್ಯಾಡ."

ಅತ್ತಿ ಎಂದರೆ ಅಪ್ಪನ ಅಕ್ಕ. ಮುಂದಿನ ವಾರವೇ ಅಪ್ಪನ ಜೊತೆ ಅವಳ ಮನೆಗೆ ಹೋಗಬೇಕಾಗಿ ಬಂತು. ಹೊಸ್ತಿಲು ದಾಟಿದರೆ ಎದುರಿಗೇ ದೇವರ ಕೋಣೆಯ ಮಗ್ಗುಲ ಗೋಡೆ. ಅದರ ಮೇಲೆ ಬೆಲ್ಲದ ಕಲೆಯ ಸಮೇತ ನನ್ನ ಪೇಪರು! ಅನ್ನದ ಅಗುಳಿನಿಂದ ನಾಲ್ಕೂ ಮೂಲೆ ಗಟ್ಟಿಯಾಗಿ ಅಂಟಿಸಿದ್ದಳು.

"ನೋಡೋ ತಮ್ಮಾ, ಎಷ್ಟು ಕೆಂಪು ಶಾಯಿ! ಒಂದು ಸಾಲೂ ಬಿಟ್ಟಿಲ್ಲ. ಮಾಸ್ತರು ನಿನ್ನ ಮಗಳನ್ನ ಭಾಳ ಮೆಚ್ಚ್ಯಾರ. ನಮ್ಮ ಮನಿತನದಾಗ ಹೆಣ್ಣಮಗಳೊಬ್ಬಾಕಿ ಇಷ್ಟು ಬರದದ್ದು ಇದ ಮೊದಲು."

ಅಪ್ಪ ಹತ್ತಿರ ಹೋಗಿ ಮೇಲಿನಿಂದ ಕೆಳಗಿನ ತನಕ ಓದಿದ. ನಾನು ಕಂಬದ ಹಿಂದೆ ಅಡಗಿದೆ. ಓದಿ ಮುಗಿಸಿ ಅಕ್ಕನ ಮುಖ ನೋಡಿದ. ಪಾಟಿ-ಬಳಪವನ್ನೇ ಕೈಯಲ್ಲಿ ಹಿಡಿಯದ ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಹೌದಕ್ಕಾ, ಭಾಳ ಮೆಚ್ಚ್ಯಾರ" ಅಂದ.

ಮರಳುವಾಗ ದಾರಿಯುದ್ದಕ್ಕೂ, ನನ್ನ ಶಾಲೆ ಮುಗಿಯಿತೆಂದು ನಾನು ಒಳಗೊಳಗೇ ಅಳುತ್ತಿದ್ದೆ. ಊರು ಸಮೀಪ ಬಂದಾಗ ಅಪ್ಪ ನನ್ನ ಕಡೆ ತಿರುಗಿದ.

"ನಾಳಿಂದ ದಿನಾ ಸಂಜಿಮುಂದ ನನ್ನ ಹತ್ರ ಲೆಕ್ಕಕ್ಕ ಕುಂದ್ರು. ಮುಂದಿನ ಸಲ ಮಾಸ್ತರ್ನ ಇಷ್ಟು ಮೆಚ್ಚಸಬ್ಯಾಡ."