ಗುರುವಾರದ ಸಿಳ್ಳೆ

ಮೂರು ವಾರದಿಂದ ಉಚಾರ್ ಗುರುವಾರ ಸಂಜೆಯಾದರೆ ಸಾಕು, ಕುಂಟುತ್ತಿತ್ತು. ಬುಧವಾರದ ಹೊತ್ತಿಗೆ ನೆಟ್ಟಗಾಗಿ ನಡೆಯುತ್ತಿದ್ದ ಬೇಟೆನಾಯಿ, ಗುರುವಾರ ಅದರ ಯಜಮಾನ ಜಪಾರ್, ಬೆಟ್ಟದಿಂದ ಕುರಿ ಹೊಡೆದುಕೊಂಡು ಬರುವಷ್ಟರಲ್ಲಿ ಮುಂದಿನ ಎಡಗಾಲು ಎತ್ತಿಕೊಂಡು ನಿಂತಿರುತ್ತಿತ್ತು. ಹಗ್ಗ ಮಾತ್ರ ಗೂಟದಲ್ಲಿ ಭದ್ರ.

ಜಪಾರನಿಗೆ ಅನ್ನ ನೀರು ಸೇರಲಿಲ್ಲ. ಅಪ್ಪ ಸಾಯುವಾಗ ಹೇಳಿಹೋದದ್ದು ಒಂದೇ ಮಾತು: "ನಾಯಿ ಜೋಪಾನ." ಹೊಲದ ಸುದ್ದಿಯಿಲ್ಲ, ಹೆಂಡತಿಯ ಸುದ್ದಿಯೂ ಇಲ್ಲ.

ಈ ಗುರುವಾರ ಬೆಳಿಗ್ಗೆ ಪಶುವೈದ್ಯ ಮೆಲಿಸ್ ಬಂದು ನಾಯಿಯ ಭುಜ ಒತ್ತಿ ನೋಡಿದ.

"ಹಳೇ ಉಳುಕು. ಓಡಿಸ್ಬೇಡ, ಹಗ್ಗ ಹಿಡಿದು ನಿಧಾನಕ್ಕೆ ನಡೆಸು ಅಂದಿದ್ನಲ್ಲೋ?"

"ದೇವರಾಣೆ ಓಡಿಸಿಲ್ಲ! ಬಿಸಿ ಉಪ್ಪಿನ ಶಾಖ ಕೊಟ್ಟೆ, ಕಂಬಳಿ ಹೊದಿಸ್ದೆ. ನನ್ ಮದುವೇಲೂ ನಂಗೆ ಇಷ್ಟು ಉಪಚಾರ ಆಗ್ಲಿಲ್ಲ."

"ಇನ್ನೊಂದ್ಸಲ ಉಳುಕಿದ್ರೆ ಜೀವನಪೂರ್ತಿ ಕುಂಟೇ, ನೋಡ್ಕೋ."

ಗೋಡೆಯಾಚೆಯಿಂದ ಪಕ್ಕದ ಮನೆಯ ಸಾಯ್ರಾ ಕತ್ತು ಚಾಚಿದಳು. "ಡಾಕ್ಟ್ರಿಗೇನು ಗೊತ್ತು? ಗುರುವಾರ ಸತ್ತವರು ಮನೆಗೆ ಬರೋ ದಿನ. ನಿಮ್ಮಪ್ಪನ ಸಿಳ್ಳೆ ನಾನೇ ಕೇಳಿದೀನಿ ಕಣೋ. ಎರಡು ಗಿಡ್ಡ, ಒಂದು ಉದ್ದ. ಬೇಟೆಗೆ ಕರ್ಕೊಂಡು ಹೋಗ್ತಾರೆ, ತಂದು ಕಟ್ತಾರೆ!"

ಜಪಾರ್ ನಕ್ಕ. ಆದರೂ ಹಗ್ಗದ ಗಂಟು ಎಳೆದು ನೋಡಿದ.

ಸಂಜೆ ಅವನು ಕುರಿಗಳನ್ನು ಬೆಟ್ಟದಲ್ಲೇ ಬಿಟ್ಟು ಹುಲ್ಲಿನ ಮೆದೆಯ ಹಿಂದೆ ಅಡಗಿ ಕೂತ. ಮಂಜು ಇಳಿದು ಅಂಗಳ ಮಸುಕಾಯಿತು. ಅಗಲಿದವರಿಗೆ ಪರಿಮಳ ಮುಟ್ಟಲೆಂದು ಅಮ್ಮ ಪ್ರತಿ ಗುರುವಾರ ಕರಿಯುವ ಹಿಟ್ಟಿನುಂಡೆ ಬೋರ್ಸೋಕಿನ ಎಣ್ಣೆಯ ವಾಸನೆ ಒಲೆಯಿಂದ ಹಬ್ಬಿತು. ಆಗ ಬಂತು ಸಿಳ್ಳೆ. ಎರಡು ಗಿಡ್ಡ, ಒಂದು ಉದ್ದ. ಅಪ್ಪನದೇ!

ಉಚಾರ್ ಬಾಲ ಆಡಿಸುತ್ತಾ ಎದ್ದಿತು. ಮಂಜಿನೊಳಗಿಂದ ಬಿಳಿಯ ಆಕೃತಿಯೊಂದು ಬಂದು ಗಂಟು ಬಿಚ್ಚತೊಡಗಿತು. ಜಪಾರ್ ಕಿರುಚಿಕೊಂಡು ನಾಯಿಯ ಮೇಲೆ ಬಿದ್ದ. ಅವನ ಮೊಣಕಾಲು ಲಟಕ್ಕೆಂದಿತು.

"ಯಾಕೋ ಹಂಗೆ ಅರಚ್ತೀಯ?" ಎಂದಿತು ಆಕೃತಿ. ಬಿಳಿ ತಲೆವಸ್ತ್ರದ ಅಮ್ಮ!

"ಅಮ್ಮಾ, ನೀನಾ ಬಿಚ್ತಿದ್ದಿದ್ದು?"

"ನಿಮ್ಮಪ್ಪ ಕರೀತಿದ್ರೆ ನಾನು ಕಟ್ಟಿಹಾಕ್ಲಾ? ಓಡಾಡಿ ವಾಪಸ್ ಬಂದ್ಮೇಲೆ ಕಟ್ತೀನಲ್ಲ!"

ತಲೆಯ ಮೇಲೆ ಮತ್ತೆ ಸಿಳ್ಳೆ ಕೇಳಿಸಿತು. ಸೇಬಿನ ಕೊಂಬೆಯಲ್ಲಿ ಒಂದು ಗೊರವಂಕ, ಕೊಕ್ಕಿನಲ್ಲಿ ಬೋರ್ಸೋಕಿನ ಚೂರು. ಅಮ್ಮ ಅಪ್ಪನ ಹೆಸರಲ್ಲಿ ಗೋಡೆಯ ಮೇಲಿಟ್ಟದ್ದನ್ನು ತಿನ್ನಲು ವಾರವಾರ ಬರುತ್ತಿದ್ದುದು ಇದೇ! ಜಪಾರ್ ಟೊಪ್ಪಿ ಬೀಸಿ ಅದನ್ನು ಹಿಡಿದ. "ನೋಡು, ದೆವ್ವ ಇದು! ಹೊಳೆಯಾಚೆ ಬಿಟ್ಟುಬರ್ತೀನಿ."

"ಮುಟ್ಟಿದ್ರೆ ನೋಡು!" ಅಮ್ಮ ಹಕ್ಕಿಯನ್ನು ಕಸಿದುಕೊಂಡು ಒಳಗೆ ಒಯ್ದಳು, ಬುಟ್ಟಿ ಮಗುಚಿ ಅದರಡಿ ಕೂರಿಸಿದಳು. ಉಚಾರ್ ಬುಟ್ಟಿಗೆ ಒರಗಿ ನೆಮ್ಮದಿಯಾಗಿ ಮಲಗಿತು. ಸಿಳ್ಳೆ ಮನೆಯೊಳಗೇ ಇದ್ದ ಮೇಲೆ ನಾಯಿ ಇನ್ನು ಎಲ್ಲಿಗೂ ಓಡುವಂತಿರಲಿಲ್ಲ. ಜಪಾರನಿಗೆ ಕುಣಿಯಬೇಕೆನ್ನಿಸಿತು, ಮೊಣಕಾಲು ಬಿಡಲಿಲ್ಲ.

ಜಪಾರನ ಮೊಣಕಾಲಿಗೆ ಪಟ್ಟಿ ಕಟ್ಟಲು ಬಂದ ಮೆಲಿಸ್ ಬುಟ್ಟಿ ಎತ್ತಿ ನೋಡಿದ. "ಮೂರು ವಾರ ನೀನು ಕದಲೋ ಹಾಗಿಲ್ಲ. ಅಂದ್ಹಾಗೆ, ಸಿಳ್ಳೆ ಹಾಕಿದ್ದು ಇದೇನಾ? ಇದು ಈ ಬೇಸಿಗೆ ಮರಿ ಕಣೋ. ನಿಮ್ಮಪ್ಪ ಹೋಗಿದ್ದು ಹೋದ ಚಳಿಗಾಲ ಅಲ್ವಾ? ಮತ್ತೆ ಅವರ ಸಿಳ್ಳೆ ಇದು ಎಲ್ಲಿ ಕಲೀತು?"

ಅಮ್ಮ ಇನ್ನೊಂದು ಬೋರ್ಸೋಕ್ ಬಾಣಲೆಗೆ ಬಿಟ್ಟಳು. ಎಣ್ಣೆ ಚಿಟಪಟ ಎನ್ನುತ್ತಿತ್ತು. ಬುಟ್ಟಿಯೊಳಗಿಂದ ಅಪ್ಪ ಕೆಮ್ಮುತ್ತಿದ್ದ ಹಾಗೇ ಒಂದು ಕೆಮ್ಮು ಬಂತು. ಆಮೇಲೆ ದನಿ:

"ಜಪಾರ್! ಏಳೋ ಸೋಂಬೇರಿ! ಕುರಿ ಎಲ್ಲಿ?"

"ಹೊರಟೆ ಅಪ್ಪಾ," ಎನ್ನುತ್ತಾ ಜಪಾರ್ ಎಡಗಾಲು ಎಳೆದುಕೊಂಡು ಮಂಜಿಗಿಳಿದ. ಉಚಾರ್ ತಲೆ ಕೂಡ ಎತ್ತಲಿಲ್ಲ.