ದೀರ್ಘವಿಲ್ಲದ ಕೇರೆ ಹಾವು

ಕುದೂರು ಹೋಬಳಿ ಕಲ್ಲುಬಾವಿಪಾಳ್ಯದ ಗ್ರಾಮ ಪಂಚಾಯಿತಿ ಕಚೇರಿಯು ದಾಖಲೆಯ ಪ್ರಕಾರ ಒಂದು ಕೆರೆಯಾಗಿರುತ್ತದೆ. ಉದ್ದ ನಲವತ್ತು ಅಡಿ, ಅಗಲ ಮೂವತ್ತು, ಮೇಲೆ ಎರಡು ಫ್ಯಾನು. ಈ ಬಗ್ಗೆ ಯಾರದೂ ತಕರಾರಿಲ್ಲ. ತಕರಾರಿದ್ದದ್ದು ಚಿಕ್ಕಲಕ್ಷ್ಮಮ್ಮನಿಗೆ ಮಾತ್ರ. ಅದೂ ಕೆರೆಯ ಬಗ್ಗೆ ಅಲ್ಲ, ಹಾವಿನ ಬಗ್ಗೆ.

ಚಿಕ್ಕಲಕ್ಷ್ಮಮ್ಮ ರೇಷ್ಮೆ ಹುಳ ಸಾಕುವ ಹೆಂಗಸು. ಅವಳ ಹುಳದ ಮನೆಯ ಹಿಂದೆ ಹಿಪ್ಪುನೇರಳೆ ಕಡ್ಡಿಯ ರಾಶಿಯಲ್ಲಿ ಆಳುದ್ದದ ಹಾವೊಂದು ನಾಲ್ಕು ವರ್ಷದಿಂದ ಠಿಕಾಣಿ ಹೂಡಿತ್ತು. ಅದಿರುವ ತನಕ ಇಲಿಗಳು ಆ ಕಡೆ ತಲೆ ಹಾಕಿದ್ದಿಲ್ಲ. ಹಾಗಿರುವಾಗ ಪಂಚಾಯಿತಿಗೆ ‘ಹಾವುಮುಕ್ತ ಗ್ರಾಮ ಅಭಿಯಾನ’ ಬಂತು. ವಾರ್ಡಿಗೊಂದು ಹಾವು ಹಿಡಿದು ಫೋಟೋ ಕಳಿಸತಕ್ಕದ್ದು ಎಂದು ಆದೇಶ. ಸುಲಭಕ್ಕೆ ಸಿಕ್ಕಿದ್ದು ಈ ಬಡಪಾಯಿ. ಅದನ್ನು ನೀಲಿ ಡ್ರಮ್ಮಿಗೆ ಹಾಕಿ, ಮುಚ್ಚಳಕ್ಕೆ ತೂತು ಕೊರೆದು, ಕಚೇರಿಯ ಜಗಲಿಯಲ್ಲಿಟ್ಟರು.

ಸುದ್ದಿ ಇಲಿಗಳಿಗೆ ಮೂರೇ ದಿನಕ್ಕೆ ಮುಟ್ಟಿತು. ಬೆಳಗ್ಗೆ ಎದ್ದು ನೋಡಿದರೆ ಎರಡು ತಟ್ಟೆ ಹುಳ ಖಾಲಿ! ಗೂಡು ಕಟ್ಟಲು ಎರಡು ವಾರವಿತ್ತು, ಅಷ್ಟರಲ್ಲಿ ಬೆಳೆಯೆಲ್ಲ ಇಲಿಯ ಹೊಟ್ಟೆ ಸೇರುವುದು ಖಂಡಿತ. ಚಿಕ್ಕಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಕಚೇರಿಗೆ ನಡೆದಳು.

“ನಮ್ಮ ಹಾವು ಕೊಡಿ ಸ್ವಾಮಿ.”

“ಗುರುತು ದೃಢೀಕರಿಸದೆ ಹಾವನ್ನು ಹಸ್ತಾಂತರಿಸಲು ಬರುವುದಿಲ್ಲ” ಎಂದರು ಅಭಿವೃದ್ಧಿ ಅಧಿಕಾರಿ ಅನಂತರಾಜು. ಗುಮಾಸ್ತ ಕೆಂಪರಾಜು ನಮೂನೆ ತೆಗೆದ. ಹಾವಿನ ತಂದೆಯ ಹೆಸರು, ಮೊಬೈಲ್ ಸಂಖ್ಯೆ ಎಂಬ ಕಾಲಮ್ಮುಗಳಿಗೆ ಅವನೇ ದೊಡ್ಡ ಮನಸ್ಸು ಮಾಡಿ ‘ಅನ್ವಯಿಸುವುದಿಲ್ಲ’ ಎಂದು ಬರೆದ.

“ಗುರುತು ಏನಕ್ಕ?” ಎಂದು ಕೇಳಿದ.

“ಹೆಡೆ ಎತ್ತಕಿಲ್ಲ, ವಿಸ ಇಲ್ಲ. ತುಟಿ ಮೇಲೆ ಕರೀ ಗೀಟವೆ. ಕೇರೆ ಹಾವು ಕಣಪ್ಪ, ಇದುನ್ನ ಕೇಳ್ಬೇಕಾ?”

ಕೆಂಪರಾಜನ ಕಂಪ್ಯೂಟರಿನಲ್ಲಿ ದೀರ್ಘ ಒತ್ತುವ ಕೀಲಿ ಹೋಗಿ ಎರಡು ವರ್ಷವಾಗಿತ್ತು. ಹೊಸ ಕೀಲಿಮಣೆ ಬೇಕೆಂಬ ಕಡತ ಇನ್ನೂ ಪರಿಶೀಲನೆಯಲ್ಲಿತ್ತು. ಹಾಗಾಗಿ ಕಾಗದದ ಮೇಲೆ ‘ಕೆರೆ ಹಾವು’ ಎಂದು ಅಚ್ಚಾಯಿತು. ಅನಂತರಾಜು ಓದಿ, ಸಹಿ ಹಾಕಿ, ಸೀಲು ಒತ್ತಿದರು.

“ಇದು ಕೆರೆಯ ಹಾವು. ಕೆರೆಗೇ ಬಿಡಬೇಕು.”

“ಅಯ್ಯೋ, ನಾ ಹೇಳಿದ್ದು ಕೇಏಏರೆ!”

“ದೀರ್ಘ ಕಾಗದದಲ್ಲಿ ಇಲ್ಲವಲ್ಲಮ್ಮ.”

“ನನ್ನ ಬಾಯಲ್ಲೈತಲ್ಲ ಸ್ವಾಮಿ!”

“ಬಾಯಿಗೆ ಸೀಲು ಹಾಕಲು ಅವಕಾಶವಿಲ್ಲ.”

ಊರಿನಲ್ಲಿ ಕೆರೆ ಇರಲಿಲ್ಲ. ದಾಖಲೆಯಲ್ಲಿ ಇತ್ತು, ಹನ್ನೊಂದು ಎಕರೆ. ಸರ್ವೆಯವರು ಸರಪಳಿ ಹಿಡಿದು ಬಂದರು. ಅಳೆದಾಗ ಕೆರೆಯ ಬಹುಪಾಲು ಅಧ್ಯಕ್ಷರ ಭಾಮೈದನ ಕಲ್ಯಾಣ ಮಂಟಪದ ಕೆಳಗೆ ಸಿಕ್ಕಿತು. ಭಾಮೈದ ಎಲ್ಲರಿಗೂ ಬಿರಿಯಾನಿ ಊಟ ಹಾಕಿಸಿದ ಮೇಲೆ ಮತ್ತೊಮ್ಮೆ ಅಳೆದರು. ಈ ಸಲ ಹನ್ನೊಂದು ಎಕರೆ ಕೆರೆ ಸರಿದು ಸರಿದು, ಕುಗ್ಗಿ ಕುಗ್ಗಿ, ಪಂಚಾಯಿತಿ ಕಚೇರಿಯ ನಾಲ್ಕು ಗೋಡೆಗಳ ಒಳಗೆ ಸರಿಯಾಗಿ ಬಂದು ಕೂತಿತು.

ಡ್ರಮ್ಮನ್ನು ಒಳಗೆ ತಂದು ಬಗ್ಗಿಸಿದರು. ಹಾವು ಸರಸರ ಹರಿದು ದಾಖಲೆ ಕೋಣೆ ಸೇರಿತು. ಬಾಗಿಲಿಗೆ ಬೋರ್ಡು ಬಿತ್ತು: ‘ಎಚ್ಚರಿಕೆ! ಕೆರೆ ಆಳವಾಗಿದೆ. ಈಜು ಬಾರದವರು ಖಾತೆ ಬದಲಾವಣೆಗೆ ಬರಬಾರದು.’

ಅತ್ತ ಇನ್ನೂ ಮೂರು ತಟ್ಟೆ ಹುಳ ಹೋದವು. ಚಿಕ್ಕಲಕ್ಷ್ಮಮ್ಮ ಅಳುತ್ತಲೇ ಮತ್ತೆ ಬಂದಳು. ಕೆರೆ ಹಾವನ್ನು ಕೆರೆಯಿಂದ ತೆಗೆಯುವುದು ಅಪರಾಧ ಎಂದು ಅನಂತರಾಜು ಓದಿ ಹೇಳಿದರು. ಅವಳು ಮೂಗು ಸೀಟಿ ಕೇಳಿದಳು.

“ಹಾವ ಹುಳದತ್ರ ಕಳಿಸಂಗಿಲ್ಲ. ಹುಳನ ಹಾವಿನತ್ರ ತರ್ಬೋದಾ?”

ಅನಂತರಾಜು ನಿಯಮಾವಳಿಯನ್ನು ಮೊದಲಿಂದ ಕಡೆಯವರೆಗೆ ಮಗುಚಿದರು. ಎಲ್ಲಿಯೂ ನಿಷೇಧವಿರಲಿಲ್ಲ. “ತರಬಹುದು” ಎಂದು ಬರೆದುಕೊಟ್ಟರು.

ಮಧ್ಯಾಹ್ನಕ್ಕೆ ಲಗೇಜ್ ಆಟೋದಲ್ಲಿ ತಟ್ಟೆಗಳು ಬಂದಿಳಿದವು. ಮೇಜಿನ ಮೇಲೆ, ಬೀರುವಿನ ಮೇಲೆ, ಅಧ್ಯಕ್ಷರ ಕುರ್ಚಿಯ ಮೇಲೆ, ಎಲ್ಲೆಂದರಲ್ಲಿ ಹುಳ. ಕಚೇರಿ ತುಂಬ ಸೊಪ್ಪು ಮೇಯುವ ಚರಚರ ಸದ್ದು. ಎಷ್ಟೋ ವರ್ಷದ ಮೇಲೆ ಅಲ್ಲಿ ಏನೋ ಕೆಲಸ ನಡೆಯುತ್ತಿದೆ ಎಂದು ಜನ ಇಣುಕಿ ನೋಡಿ ಸಂತೋಷಪಟ್ಟರು. ಇಲಿಯ ಸುಳಿವೇ ಇಲ್ಲ. ಹುಳಕ್ಕೆ ಆಗದೆಂದು ಬೀಡಿ, ಸೆಂಟು, ಊದುಕಡ್ಡಿ ಬಂದ್ ಆದವು. ಕೆಂಪರಾಜು ಎರಡು ಹೊತ್ತು ಸೊಪ್ಪು ಹಾಕುವುದನ್ನು ಕಲಿತ. ಚಿಕ್ಕಲಕ್ಷ್ಮಮ್ಮನ ಮುಖ ಅರಳಿತು.

ಹತ್ತನೇ ದಿನ ಅನಂತರಾಜು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ಕಟ್ಟಿ ನಿಂತು ಕೇಳಿದರು: “ಅಮ್ಮಾ, ಸೀಲು ಒಳಗಿದೆ. ಬರಲಾ?”

“ಹುಳ ಹಣ್ಣಾಯ್ತಾವೆ ಸ್ವಾಮಿ, ಗೂಡು ಕಟ್ಟೊ ಹೊತ್ತು. ಗಲಾಟೆ ಮಾಡ್ಬ್ಯಾಡಿ. ಮುಂದಿನ್ವಾರ ಬನ್ನಿ.”

ಅನಂತರಾಜು ತಲೆಯಾಡಿಸಿ, ಹೊಂಗೆ ಮರದಡಿ ಅರ್ಜಿ ಹಿಡಿದು ಕಾಯುತ್ತಿದ್ದ ನಲವತ್ತು ಜನರ ಕಡೆ ತಿರುಗಿ, “ಮುಂದಿನ ವಾರ ಬನ್ನಿ” ಎಂದರು. ಎಂದಿನಂತೆ ಎಲ್ಲರೂ ಎದ್ದು, ಮೈ ಧೂಳು ಕೊಡವಿಕೊಂಡು, ಮನೆಗೆ ಹೋದರು.