ದೆಸಾಂಕಾ ಹಾಡಲೇಬೇಕು

ಸಂತ ನಿಕೊಲಾನ ಹಬ್ಬದ ಬೆಳಿಗ್ಗೆಯೇ ವುಕಾಶಿನ್‌ನ ಹಳೆಯ ಲ್ಯಾಪ್‌ಟಾಪು ಕೈಕೊಟ್ಟಿತು. ಒಳಗಿನ ಡಿಸ್ಕು ಎರಡು ಸಲ ಬಿಕ್ಕಳಿಸಿ ಸುಮ್ಮನಾಯಿತು.

ನಿಕೊಲಾ ಆ ಮನೆತನದ ಸಂತ. ಪಾದ್ರಿ ಬಂದು ಹಬ್ಬದ ರೊಟ್ಟಿಯನ್ನು ತಿರುಗಿಸುವಾಗ ಸ್ತೋತ್ರ ಹಾಡುತ್ತಿದ್ದವಳು ವುಕಾಶಿನ್‌ನ ಹೆಂಡತಿ ದೆಸಾಂಕಾ. ಈ ವಸಂತದಲ್ಲಿ ಅವಳನ್ನು ದೇವರು ಕರೆದುಕೊಂಡಿದ್ದ. ಹೋದ ಹಬ್ಬಕ್ಕೆ ಅವಳು ಅಡುಗೆಮನೆಯಲ್ಲಿ ಹಾಡಿದ್ದನ್ನು ವುಕಾಶಿನ್ ಗುಟ್ಟಾಗಿ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟಿದ್ದ. ಕೇಳುವ ಧೈರ್ಯ ಈವರೆಗೆ ಬಂದಿರಲಿಲ್ಲ. ಈ ಸಲವೂ ಅವಳೇ ಹಾಡಬೇಕೆಂಬುದು ಅವನ ಆಸೆ.

ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಂದವರನ್ನು ಕಳಿಸುವಂತೆಯೂ ಇಲ್ಲ. ಮನೆಯ ಯಜಮಾನ ಕೂರುವಂತೆಯೂ ಇಲ್ಲ. ಹಾಗಾಗಿ ನೆಂಟರು, ನೆರೆಯವರು ಕೂತು ಮೀನು ತಿನ್ನುತ್ತ ಬುದ್ಧಿ ಹೇಳಿದರು. ವುಕಾಶಿನ್ ನಿಂತು ಕೇಳಿದ.

"ಡಿಸ್ಕ್ ಸತ್ರೆ ಸಾಯ್ಲಿ ಬಿಡಣ್ಣ. ಕಂಪ್ಯೂಟರ್ ನಡೆಸೋಕೆ ಲಿನಕ್ಸ್ ಇದೆ, ಪೆನ್‌ಡ್ರೈವಿಂದ್ಲೇ ಓಡುತ್ತೆ," ಎಂದು ಎಲೆಕ್ಟ್ರಿಷಿಯನ್ ಮಿಲೋಯೆ ಜೇಬಿನಿಂದ ತನ್ನದನ್ನು ತೆಗೆದು ಚುಚ್ಚಿದ.

ಪರದೆ ಬೆಳಗಿತು, ಆದರೆ ತಲೆಕೆಳಗಾಗಿ. ಅಕ್ಷರಗಳು ಬಾವಲಿಗಳಂತೆ ಜೋತುಬಿದ್ದವು. ಧ್ವನಿಯಂತೂ ಇಲ್ಲವೇ ಇಲ್ಲ.

"ನಿನ್ನ ಲಿನಕ್ಸ್‌ಗೆ ಬೆಳಿಗ್ಗೇನೇ ಏರಿದೆ," ಎಂದು ನಕ್ಕ ಶಾಲಾ ಮೇಷ್ಟ್ರು ಬೊಗ್ದಾನ್, "ಸರಿ ಆಚೆ, ನಂದು ನೋಡು!" ಎಂದ.

ಬೊಗ್ದಾನನ ಲಿನಕ್ಸು ನೆಟ್ಟಗೆ ನಿಂತಿತು. ಪಕ್ಕದ ಮನೆಯ ದಂತವೈದ್ಯೆಯ ಪ್ರಿಂಟರನ್ನು ಗುರುತು ಹಿಡಿಯಿತು. ಬಹಳ ಯೋಚಿಸಿ ತನ್ನ ಸ್ಪೀಕರನ್ನೂ ಗುರುತು ಹಿಡಿದು 'ಟಿಂಗ್' ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ತನ್ನಿ ಹಾಡು!"

ವುಕಾಶಿನ್ ಪೆನ್‌ಡ್ರೈವ್ ಹಿಡಿದು ಲ್ಯಾಪ್‌ಟಾಪನ್ನು ಒಂದು ಸುತ್ತು ಬಂದ. ಅದಕ್ಕಿದ್ದ ಕಿಂಡಿ ಒಂದೇ. ಅದರಲ್ಲಿ ಲಿನಕ್ಸು ಕೂತಿತ್ತು.

"ನಿಮ್ಮಿಬ್ಬರಲ್ಲಿ ಒಬ್ರು ನಿಮ್ಮ ಲ್ಯಾಪ್‌ಟಾಪೇ ತಂದ್ಕೊಡ್ರಪ್ಪಾ," ಎಂದು ಅವನು ಕೈಮುಗಿದ.

"ಅದು ಸೋತಂಗಲ್ವಾ?" ಎಂದರು ಇಬ್ಬರೂ ಒಟ್ಟಿಗೆ. ಜನ್ಮದಲ್ಲಿ ಮೊದಲ ಸಲ ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದು.

ಅಷ್ಟರಲ್ಲಿ ಪಾದ್ರಿ ಯಾಕೋವ್ ಹಿಮ ಕೊಡವಿಕೊಂಡು ಬಂದರು. ಅವರಿಗೆ ಇನ್ನೂ ಅರ್ಧ ಊರಿನ ರೊಟ್ಟಿಗಳು ಕಾಯುತ್ತಿದ್ದವು. ಸಂಗತಿ ಕೇಳಿ ನಿಲುವಂಗಿಯೊಳಗೆ ಕೈ ಹಾಕಿದರು. ಹೊರಬಂದದ್ದು ಶಿಲುಬೆಯಲ್ಲ, ಪೆನ್‌ಡ್ರೈವು.

"ಇಗರ್ಜಿಯ ಕಂಪ್ಯೂಟರು ಇದರಲ್ಲೇ ನಡೀತಿದೆ. ಈ ಲಿನಕ್ಸ್ ಪುಟಾಣಿ ಕಣಯ್ಯಾ. ಪೂರ್ತಿ ಕಂಪ್ಯೂಟರಿನ ನೆನಪಿನೊಳಗೆ ಹೋಗಿ ಕೂರುತ್ತೆ. ಆಮೇಲೆ ಡ್ರೈವ್ ಕಿತ್ತರೂ ಓಡುತ್ತೆ."

ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯಿತು. ಆದರೆ ಹೇಳಿದಂತೆಯೇ ಆಯಿತು. ಪಾದ್ರಿಗಳ ಡ್ರೈವ್ ಕಿತ್ತು ವುಕಾಶಿನ್ ತನ್ನದನ್ನು ಚುಚ್ಚಿದ. ಮೇಣದಬತ್ತಿ ಹೊತ್ತಿಸಿದರು, ರೊಟ್ಟಿ ಎತ್ತಿ ತಿರುಗಿಸಿದರು. ದೆಸಾಂಕಾ ಹಾಡಿದಳು. ಮಿಲೋಯೆ ಟೋಪಿ ತೆಗೆದ. ವುಕಾಶಿನ್‌ನ ಕಣ್ಣು ತುಂಬಿತು. ಅವಳು ಬಾಗಿಲ ಆಚೆಯೇ ಇದ್ದಂತಿತ್ತು.

ಎರಡನೆಯ ಸಾಲಿನ ನಡುವೆ ಹಾಡು ತಟಕ್ಕನೆ ನಿಂತು, ಅದೇ ಕಂಠ ಮಾತಿಗಿಳಿಯಿತು.

"ರೀ, ಅಲ್ಲೇನು ನಿಂತಿದ್ದೀರಿ? ಮಿಲೋಯೆಗೂ ಮೇಷ್ಟ್ರಿಗೂ ಆ ನೀರು ಬೆರೆಸಿದ ರಾಕಿಯಾ ಸಾರಾಯೀನೇ ಕೊಡಿ. ಒಳ್ಳೇದು ಬಟ್ಟೆ ಒಗೆಯೋ ಮೆಷಿನ್ ಹಿಂದಿದೆ. ಪಾದ್ರಿಗಳಿಗೆ ವಾಸನೆ ಬಡಿದೀತು, ಹುಷಾರು!"

ಮತ್ತೆ ಹಾಡು ಮೂರನೆಯ ಸಾಲಿನಿಂದ ಮುಂದುವರಿಯಿತು. ವುಕಾಶಿನ್ ಗಾಬರಿಯಿಂದ ಪೆನ್‌ಡ್ರೈವ್ ಕಿತ್ತ. ಹಾಡು ನಿಲ್ಲಲಿಲ್ಲ, ಅದೂ ನೆನಪಿನೊಳಗೆ ಹೋಗಿ ಕೂತಿತ್ತು.

ಪಾದ್ರಿಗಳು ಸ್ತೋತ್ರ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ರೊಟ್ಟಿಗೆ ಮುತ್ತಿಟ್ಟು ಶಿಲುಬೆ ಗುರುತು ಹಾಕಿಕೊಂಡರು.

"ದೇವರು ಅವಳಿಗೆ ಶಾಂತಿ ಕೊಡಲಿ. ಏನು ಶುದ್ಧ ಕಂಠ, ಏನು ಸ್ಪಷ್ಟ ಮಾತು! ಮಿಲೋಯೆ, ಆ ಮೆಷಿನ್ ಸ್ವಲ್ಪ ಈಚೆಗೆ ಎಳಿ."

ಬಾಟಲಿ ಮೇಜಿನ ಸುತ್ತ ಒಂದೇ ಸುತ್ತು ಬಂತು. ನಿಂತವನ ಬಳಿ ಬರುವಷ್ಟರಲ್ಲಿ ಬರಿದಾಗಿತ್ತು. ವುಕಾಶಿನ್ ನೀರು ಬೆರೆಸಿದ್ದನ್ನೇ ಒಂದು ಲೋಟ ಬಗ್ಗಿಸಿಕೊಂಡು, ನಿಂತೇ ಕುಡಿದ.

"ಹಾಡು ಇನ್ನೊಂದ್ಸಲ ಹಾಕಣ್ಣ," ಎಂದ ಬೊಗ್ದಾನ್. "ಇನ್ನೂ ಏನೇನು ಎಲ್ಲೆಲ್ಲಿದೆಯೋ!"